ಕನ್ಸೋಲ್‌ನಲ್ಲಿ ಲಾಗಿನ್ ಆದ ಕೂಡಲೇ ಡೆಸ್ಕ್‌ಟಾಪ್ ತಾನಾಗಿ ತೆರೆಯುವಂತೆ ಮಾಡುವುದು: ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇ ಹಿಡಿದು ಪೂರ್ತಿ ವಿವರ

ಲಿನಕ್ಸ್ ಇರುವ ಕಂಪ್ಯೂಟರ್ ಆನ್ ಮಾಡಿದರೆ ಸಾಮಾನ್ಯವಾಗಿ ಹೆಸರು, ಪಾಸ್‌ವರ್ಡ್ ಕೇಳುವ ಒಂದು ಚಂದದ ಪರದೆ ಬರುತ್ತದೆ. ಅದನ್ನು ತೋರಿಸುವ ಪ್ರೋಗ್ರಾಂ ಹೆಸರು ಡಿಸ್‌ಪ್ಲೇ ಮ್ಯಾನೇಜರ್. ಲೈಟ್‌ಡಿಎಂ, ಜಿಡಿಎಂ, ಎಸ್‌ಡಿಡಿಎಂ ಎಲ್ಲ ಅದೇ ಗುಂಪಿನವು. ಅದು ಇಲ್ಲದೆಯೂ ಕೆಲಸ ನಡೆಯುತ್ತದೆ. ಕನ್ಸೋಲ್ ಅನ್ನುವ, ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಸೀದಾ ಡೆಸ್ಕ್‌ಟಾಪ್ ಬರುವಂತೆ ಮಾಡಬಹುದು. ಬರೆಯಬೇಕಾದದ್ದು ಮೂರೇ ಸಾಲು. ಆದರೆ ಆ ಮೂರು ಸಾಲು ಯಾವ ಫೈಲ್‌ನಲ್ಲಿ ಇರಬೇಕು, ಯಾವ ಷರತ್ತಿನ ಜೊತೆ ಇರಬೇಕು ಅನ್ನುವುದರಲ್ಲೇ ಎಲ್ಲ ಇದೆ, ಜನ ಎಡವುವುದೂ ಅಲ್ಲೇ.

ಯಾರಿಗೆ ಇದು ಬೇಕು? ಹೆಚ್ಚಿನ ಹೊತ್ತು ಸರ್ವರ್ ಹಾಗೆ ಓಡುತ್ತಾ, ಬೇಕಾದಾಗ ಮಾತ್ರ ಡೆಸ್ಕ್‌ಟಾಪ್ ತೆರೆಯುವ ಕಂಪ್ಯೂಟರ್ ಇದ್ದರೆ ಬೇಕು. ಒಬ್ಬರೇ ಬಳಸುವ ಹಳೇ ಲ್ಯಾಪ್‌ಟಾಪ್‌ಗೂ ಒಪ್ಪುತ್ತದೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಲಾಗಿನ್ ಪರದೆಯೇ ಬಾರದೆ ಒದ್ದಾಡಿದವರಿಗಂತೂ ಇದರ ಬೆಲೆ ಗೊತ್ತಿರುತ್ತದೆ, ಯಾಕಂದ್ರೆ ಗ್ರಾಫಿಕ್ಸ್ ಏನೇ ಆಗಲಿ ಕನ್ಸೋಲ್ ಲಾಗಿನ್ ಬಹುಮಟ್ಟಿಗೆ ಉಳಿದೇ ಇರುತ್ತದೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರ್ ಆದರೆ ಮಾಡಬೇಡಿ. ಅಲ್ಲಿ ಡಿಸ್‌ಪ್ಲೇ ಮ್ಯಾನೇಜರ್ ಇರುವುದೇ ಒಳ್ಳೆಯದು. ಇದರಿಂದ ಕಂಪ್ಯೂಟರ್ ವೇಗ ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದ್ದರೆ ಜಾಸ್ತಿ ನಂಬಬೇಡಿ, ಒಂದು ಸಣ್ಣ ಪ್ರೋಗ್ರಾಂ ಕಡಿಮೆ ಆಗುತ್ತದೆ ಅಷ್ಟೇ.

ನಾನು ಡೆಬಿಯನ್ 13 ಅನ್ನುವ ಲಿನಕ್ಸ್ ಮತ್ತು ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪ್ ಹಿಡಿದು ಬರೆಯುತ್ತೇನೆ. ಬೇರೆ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ರೂಪಗಳಲ್ಲಿ) ವ್ಯತ್ಯಾಸ ಇರುವ ಕಡೆ ಅಲ್ಲಲ್ಲೇ ಹೇಳುತ್ತೇನೆ. ಕಮಾಂಡ್‌ಗಳನ್ನು ಓದಿ ಹೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ. ಡಾಲರ್ ಚಿಹ್ನೆಯ ಪಕ್ಕದ ಹೆಸರುಗಳು, ಎಕ್ಸ್‌ಪೋರ್ಟ್ ಪಕ್ಕದ ಹೆಸರುಗಳು ಮಾತ್ರ ಪೂರ್ತಿ ದೊಡ್ಡಕ್ಷರ. ಬೇರೆಲ್ಲಾದರೂ ದೊಡ್ಡಕ್ಷರ ಬಂದರೆ ಅಲ್ಲೇ ಹೇಳುತ್ತೇನೆ. ಚುಕ್ಕಿ, ಗೆರೆ, ಸ್ಲ್ಯಾಶ್, ಖಾಲಿ ಜಾಗ ಇದ್ದದ್ದು ಇದ್ದಲ್ಲೇ ಇರಬೇಕು.

ಮೊದಲು ಕೈಯಾರೆ ತೆರೆಯಿರಿ

ಕೈಯಾರೆ ತೆರೆಯದ ಡೆಸ್ಕ್‌ಟಾಪ್ ತಾನಾಗಿಯೂ ತೆರೆಯುವುದಿಲ್ಲ. ಹಾಗಾಗಿ ಮೊದಲು ಬೇಕಾದದ್ದನ್ನು ಹಾಕಿಕೊಳ್ಳಿ:

```
ಸುಡೊ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಆರ್ಗ್ ಎಕ್ಸ್‌ಇನಿಟ್ ಎಕ್ಸ್‌ಎಫ್‌ಸಿಇ4
```

ಡೆಬಿಯನ್ ಹಾಕುವಾಗ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಪಾಸ್‌ವರ್ಡ್ ಕೊಟ್ಟಿದ್ದರೆ ನಿಮಗೆ ಸುಡೊ, ಅಂದರೆ ಆ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಅವಕಾಶ, ಸಿಕ್ಕಿರುವುದಿಲ್ಲ. ಆಗ "ಎಸ್‌ಯು -" ಅಂತ ಹೊಡೆದು ರೂಟ್ ಆಗಿ, ಸುಡೊ ಪದ ಬಿಟ್ಟು ಉಳಿದದ್ದನ್ನು ಹೊಡೆಯಿರಿ. ಆರ್ಚ್ ಲಿನಕ್ಸ್‌ನಲ್ಲಿ ಎಕ್ಸ್‌ಇನಿಟ್ ಪ್ಯಾಕೇಜ್ ಹೆಸರು ಎಕ್ಸ್‌ಆರ್ಗ್-ಎಕ್ಸ್‌ಇನಿಟ್.

ಈಗ ಡಿಸ್‌ಪ್ಲೇ ಮ್ಯಾನೇಜರ್ ಬೂಟ್ ಸಮಯದಲ್ಲಿ ಏಳದಂತೆ ಮಾಡಬೇಕು. ಅದನ್ನು ಕಿತ್ತು ಹಾಕುವ ಅಗತ್ಯ ಇಲ್ಲ. ಬೂಟ್ ಆಗುವಾಗ ಎಲ್ಲ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿ ಯಾವ ಹಂತದವರೆಗೆ ಹೋಗಬೇಕು ಅನ್ನುವುದನ್ನು ಬದಲಿಸಿದರೆ ಸಾಕು:

```
ಸಿಸ್ಟಂಸಿಟಿಎಲ್ ಗೆಟ್-ಡಿಫಾಲ್ಟ್
ಸುಡೊ ಸಿಸ್ಟಂಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್
```

ಮೊದಲ ಸಾಲು ಈಗ ಏನಿದೆ ಅಂತ ತೋರಿಸುತ್ತದೆ, ಬಹುಶಃ ಗ್ರಾಫಿಕಲ್.ಟಾರ್ಗೆಟ್ ಅಂತಲೇ ಇರುತ್ತದೆ. ಡಿಸ್‌ಪ್ಲೇ ಮ್ಯಾನೇಜರನ್ನು ಎಬ್ಬಿಸುವುದು ಆ ಗ್ರಾಫಿಕಲ್ ಟಾರ್ಗೆಟ್. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಮಲ್ಟಿ-ಯೂಸರ್ ಹತ್ತಿರ ನಿಂತರೆ ನೆಟ್‌ವರ್ಕ್, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಎಲ್ಲ ಬರುತ್ತದೆ, ಲಾಗಿನ್ ಪರದೆ ಮಾತ್ರ ಬರುವುದಿಲ್ಲ. ರೀಬೂಟ್ ಮಾಡಿ, ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಇಷ್ಟೇ ಹೊಡೆಯಿರಿ:

```
ಸ್ಟಾರ್ಟ್‌ಎಕ್ಸ್
```

ಸ್ಟಾರ್ಟ್‌ಎಕ್ಸ್ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ (ಶೆಲ್ ಅಂದ್ರೆ ನೀವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ). ಅದು ಎಕ್ಸ್‌ಇನಿಟ್ ಅನ್ನು ಕರೆಯುತ್ತದೆ, ಎಕ್ಸ್‌ಇನಿಟ್ ಮೊದಲು ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಎಬ್ಬಿಸಿ ಆಮೇಲೆ ನಿಮ್ಮ ಡೆಸ್ಕ್‌ಟಾಪ್ ತೆರೆಯುತ್ತದೆ. ಎಕ್ಸ್‌ಎಫ್‌ಸಿಇ ಬಂದರೆ ಮುಂದಕ್ಕೆ ಹೋಗಬಹುದು. ಎರಡು ಮೂರು ಡೆಸ್ಕ್‌ಟಾಪ್ ಹಾಕಿಕೊಂಡಿದ್ದು, ಬೇಡದ್ದು ಬಂದರೆ ಯಾವುದು ಬೇಕು ಅಂತ ಆರಿಸಲು:

```
ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಎಕ್ಸ್-ಸೆಷನ್-ಮ್ಯಾನೇಜರ್
```

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ಟಾರ್ಟ್‌ಎಕ್ಸ್ ಮುಂದೆ ಯಾವತ್ತೂ ಸುಡೊ ಹಾಕಬೇಡಿ. ಡೆಸ್ಕ್‌ಟಾಪ್ ಪೂರ್ತಿ ರೂಟ್ ಹೆಸರಿನಲ್ಲಿ ಓಡುತ್ತದೆ. ಅದಕ್ಕಿಂತ ಕಿರಿಕಿರಿ ಅಂದ್ರೆ ಕೆಲವು ಸಲ ನಿಮ್ಮ ಹೋಮ್ ಫೋಲ್ಡರ್‌ನ ಫೈಲ್‌ಗಳು ರೂಟ್ ಪಾಲಾಗಿ, ಮಾರನೇ ದಿನ ನಿಮ್ಮ ಹೆಸರಿನಲ್ಲಿ ಡೆಸ್ಕ್‌ಟಾಪ್ ತೆರೆಯುವುದೇ ಇಲ್ಲ. ಹಾಗೆಯೇ ಎಸ್‌ಎಸ್‌ಎಚ್ ಮೂಲಕ ದೂರದಿಂದ ಸ್ಟಾರ್ಟ್‌ಎಕ್ಸ್ ಹೊಡೆದರೆ, ಕನ್ಸೋಲ್ ಬಳಕೆದಾರರಿಗೆ ಮಾತ್ರ ಎಕ್ಸ್ ಸರ್ವರ್ ನಡೆಸಲು ಅವಕಾಶ ಅನ್ನುವ ಅರ್ಥದ ತಪ್ಪು ಸಂದೇಶ ಬರುತ್ತದೆ. ಅದು ತೊಂದರೆ ಅಲ್ಲ, ಡೆಬಿಯನ್ ಬೇಕಂತಲೇ ಇಟ್ಟ ಕಾವಲು.

ಮೂರು ಸಾಲು ಎಲ್ಲಿ ಬರೆಯಬೇಕು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕನ್ಸೋಲ್‌ನಲ್ಲಿ ಪಾಸ್‌ವರ್ಡ್ ಕೊಟ್ಟಾಗ ಸಿಗುವುದು ಲಾಗಿನ್ ಶೆಲ್. ಡೆಸ್ಕ್‌ಟಾಪ್‌ನಲ್ಲಿ ಟರ್ಮಿನಲ್ ತೆರೆದಾಗ ಸಿಗುವುದು ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ, ಬರೀ ಶೆಲ್. ಎರಡೂ ನೋಡಲು ಒಂದೇ ಥರ, ಆದರೆ ಓದುವ ಫೈಲ್‌ಗಳು ಬೇರೆ. .ಬ್ಯಾಶ್‌ಆರ್‌ಸಿ ಫೈಲ್ ಪ್ರತಿ ಟರ್ಮಿನಲ್ ತೆರೆದಾಗಲೂ ಓದಿಸಿಕೊಳ್ಳುತ್ತದೆ. ಸ್ಟಾರ್ಟ್‌ಎಕ್ಸ್ ಅನ್ನು ಅಲ್ಲಿ ಬರೆದವರು ಆಮೇಲೆ ಟರ್ಮಿನಲ್ ತೆರೆದಾಗಲೆಲ್ಲ ಇನ್ನೊಂದು ಡೆಸ್ಕ್‌ಟಾಪ್ ಏಳಲು ನೋಡುವುದನ್ನು ಕಂಡು ತಲೆ ಕೆಡಿಸಿಕೊಳ್ಳುತ್ತಾರೆ. ಅದು ನಮ್ಮ ಜಾಗ ಅಲ್ಲ.

ಲಾಗಿನ್ ಶೆಲ್ ಆದಾಗ, ಡೆಬಿಯನ್‌ನ ಮಾಮೂಲಿ ಶೆಲ್ ಆದ ಬ್ಯಾಶ್ ಮೊದಲು /ಇಟಿಸಿ/ಪ್ರೊಫೈಲ್ ಓದುತ್ತದೆ. ನಂತರ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ .ಬ್ಯಾಶ್_ಪ್ರೊಫೈಲ್ ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ .ಬ್ಯಾಶ್_ಲಾಗಿನ್, ಅದೂ ಇಲ್ಲದಿದ್ದರೆ .ಪ್ರೊಫೈಲ್. ಈ ಮೂರರಲ್ಲಿ ಮೊದಲು ಸಿಕ್ಕಿದ್ದು ಒಂದನ್ನೇ ಓದಿ ನಿಲ್ಲಿಸುತ್ತದೆ. ಇದನ್ನು ಮರೆಯಬೇಡಿ. ಡೆಬಿಯನ್, ಉಬುಂಟು ಹೊಸ ಬಳಕೆದಾರರಿಗೆ .ಪ್ರೊಫೈಲ್ ಕೊಟ್ಟಿರುತ್ತವೆ. ಆರ್ಚ್, ಫೆಡೋರಾ ಕೊಡುವುದು .ಬ್ಯಾಶ್_ಪ್ರೊಫೈಲ್. ಆರ್ಚ್‌ಗೆ ಅಂತ ಯಾರೋ ಬರೆದ ಸಲಹೆ ನೋಡಿ ಡೆಬಿಯನ್‌ನಲ್ಲಿ ಹೊಸದಾಗಿ .ಬ್ಯಾಶ್_ಪ್ರೊಫೈಲ್ ಮಾಡಿದರೆ, ಆ ಕ್ಷಣದಿಂದ ಹಳೇ .ಪ್ರೊಫೈಲ್ ಮೂಲೆಗೆ ಬೀಳುತ್ತದೆ. ಅದರ ಒಳಗಿದ್ದ ಪಾತ್ ಸಾಲುಗಳು (ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅನ್ನುವ ಪಟ್ಟಿ), .ಬ್ಯಾಶ್‌ಆರ್‌ಸಿ ಕರೆಯುವ ಸಾಲು ಎಲ್ಲ ನಿಂತುಹೋಗುತ್ತವೆ. ಡೆಸ್ಕ್‌ಟಾಪ್ ಏನೋ ತೆರೆಯುತ್ತದೆ, ಆದರೆ ನಿನ್ನೆವರೆಗೆ ಓಡುತ್ತಿದ್ದ ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳು ಸಿಗುವುದೇ ಇಲ್ಲ ಅಂತ ಇವತ್ತು ಶೆಲ್ ಹೇಳುತ್ತದೆ. ಕಾರಣ ಹುಡುಕುವುದರಲ್ಲಿ ಒಂದು ಸಂಜೆ ಹೋಗುತ್ತದೆ.

ಹಾಗಾಗಿ ಮೊದಲು ಏನಿದೆ ನೋಡಿ:

```
ಎಲ್‌ಎಸ್ -ಎ ~
```

ಡೆಬಿಯನ್‌ನಲ್ಲಿ .ಪ್ರೊಫೈಲ್ ಮಾತ್ರ ಕಂಡರೆ, ಅದನ್ನೇ ನ್ಯಾನೋ ಅನ್ನುವ ಎಡಿಟರ್‌ನಲ್ಲಿ ತೆರೆದು ಕೊನೆಯಲ್ಲಿ ಇದನ್ನು ಸೇರಿಸಿ:

```
ಇಫ್ [ -ಝಡ್ "$ಡಿಸ್‌ಪ್ಲೇ" ] && [ "$ಎಕ್ಸ್‌ಡಿಜಿ_ವಿಟಿಎನ್‌ಆರ್" = "1" ]; ದೆನ್
    ಸ್ಟಾರ್ಟ್‌ಎಕ್ಸ್
ಎಫ್‌ಐ
```

ಕೊನೆಯ ಎಫ್‌ಐ ಅಂದ್ರೆ ಇಫ್ ಅನ್ನೇ ತಿರುವಿ ಬರೆದದ್ದು. ಚೌಕ ಆವರಣದ ಒಳಗೆ ಎರಡೂ ಕಡೆ ಖಾಲಿ ಜಾಗ ಬಿಡಲೇಬೇಕು, ಬಿಡದಿದ್ದರೆ ಶೆಲ್ ಗೊಣಗುತ್ತದೆ.

ಎರಡು ಷರತ್ತು ಯಾಕೆ ಅಂತ ನೋಡೋಣ. ಮೊದಲನೆಯದು, ಡಿಸ್‌ಪ್ಲೇ ಅನ್ನುವ ಹೆಸರು ಖಾಲಿ ಇದೆಯಾ ಅಂತ ಕೇಳುತ್ತದೆ. ಆಗಲೇ ಡೆಸ್ಕ್‌ಟಾಪ್ ಒಳಗೆ ಇದ್ದರೆ ಅದು ಖಾಲಿ ಇರುವುದಿಲ್ಲ. ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್ ಇಡುವ ಟಿಮಕ್ಸ್ ಥರದ ಪ್ರೋಗ್ರಾಂಗಳು ಒಳಗಿನಿಂದಲೇ ಲಾಗಿನ್ ಶೆಲ್ ತೆರೆಯುತ್ತವೆ, ಆಗ ಈ ಷರತ್ತೇ ಕಾಪಾಡುವುದು. ಎರಡನೆಯದು, ನೀವು ಕೂತಿರುವುದು ಮೊದಲನೇ ಕನ್ಸೋಲ್ ಮುಂದೆಯಾ ಅಂತ ಕೇಳುತ್ತದೆ. ಆ ನಂಬರ್ ಅನ್ನು ಲಾಗಿನ್ ಆಗುವಾಗ ಸಿಸ್ಟಂಡಿಯ ಪ್ಯಾಮ್ (ಲಾಗಿನ್ ಪರಿಶೀಲಿಸುವ ಏರ್ಪಾಡು) ಮಾಡ್ಯೂಲ್ ಇಟ್ಟಿರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದರೆ ಅದು ಖಾಲಿ, ಹಾಗಾಗಿ ದೂರದಿಂದ ಬಂದವರಿಗೆ ಸುಮ್ನೆ ಶೆಲ್ ಸಿಗುತ್ತದೆ. ಎರಡನೇ ಕನ್ಸೋಲ್‌ನಲ್ಲಿ ಲಾಗಿನ್ ಆದರೂ ಅಷ್ಟೇ. ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿದರೆ ಆ ಎರಡನೇ ಕನ್ಸೋಲ್ ಬರುತ್ತದೆ. ಏನೇ ಕೆಟ್ಟರೂ ರಿಪೇರಿಗೆ ಹೋಗುವ ಬಾಗಿಲು ಅದು. ಎರಡನೇ ಷರತ್ತು ಬಿಟ್ಟುಬಿಟ್ಟರೆ ಆ ಬಾಗಿಲನ್ನು ನೀವೇ ಮುಚ್ಚಿಕೊಂಡ ಹಾಗೆ.

ಒಂದೇ ಸಮ ಚಿಹ್ನೆ, ಒಂಟಿ ಚೌಕ ಆವರಣ ಹಾಕಿದ್ದಕ್ಕೂ ಕಾರಣ ಇದೆ. .ಪ್ರೊಫೈಲ್ ಅನ್ನು ಬ್ಯಾಶ್ ಮಾತ್ರವಲ್ಲ, ಡ್ಯಾಶ್ ಥರದ ಸರಳ ಶೆಲ್‌ಗಳೂ ಓದಬಹುದು. ಜೋಡಿ ಆವರಣ, ಜೋಡಿ ಸಮ ಚಿಹ್ನೆ ಅವುಗಳಿಗೆ ಅರ್ಥವಾಗುವುದಿಲ್ಲ. ಕೆಲವರು ಸಮ ಚಿಹ್ನೆಯ ಬದಲು -ಇಕ್ಯೂ ಹಾಕುತ್ತಾರೆ. ನಂಬರ್ ಖಾಲಿ ಇದ್ದಾಗ, ಅಂದರೆ ಪ್ರತಿ ಎಸ್‌ಎಸ್‌ಎಚ್ ಲಾಗಿನ್‌ನಲ್ಲೂ, ಅದು ಒಂದು ತಪ್ಪು ಸಂದೇಶ ಉಗುಳುತ್ತದೆ. ಉದ್ಧರಣ ಚಿಹ್ನೆಯ ಜೊತೆ ಸಮ ಚಿಹ್ನೆ ಹಾಕಿದರೆ ಆ ರಗಳೆ ಇಲ್ಲ.

ಸಿಸ್ಟಂಡಿ ಇಲ್ಲದ ಡೆವುವಾನ್, ವಾಯ್ಡ್, ಆಲ್ಪೈನ್ ಬಳಸುವವರಿಗೆ ಆ ನಂಬರ್ ಸಿಗದೇ ಇರಬಹುದು. ಅವರು ಎರಡನೇ ಷರತ್ತನ್ನು ಹೀಗೆ ಬರೆಯಲಿ:

```
[ "$(ಟಿಟಿವೈ)" = "/ಡೆವ್/ಟಿಟಿವೈ1" ]
```

ಇಲ್ಲಿ ಡಾಲರ್ ಇದ್ದರೂ ಆವರಣದೊಳಗಿನ ಟಿಟಿವೈ ಸಣ್ಣಕ್ಷರವೇ, ಅದು ಒಂದು ಕಮಾಂಡ್. ಝಡ್‌ಶೆಲ್ ಬಳಸುವವರು ಇದೇ ಮೂರು ಸಾಲನ್ನು .ಝಡ್‌ಪ್ರೊಫೈಲ್ ಫೈಲ್‌ನಲ್ಲಿ ಹಾಕಬೇಕು. ಫಿಶ್ ಶೆಲ್‌ನ ವ್ಯಾಕರಣವೇ ಬೇರೆ. ಅದಕ್ಕೆ ಕಾನ್ಫಿಗ್.ಫಿಶ್ ಒಳಗೆ "ಸ್ಟೇಟಸ್ ಈಸ್-ಲಾಗಿನ್" ಅನ್ನುವ ಪರೀಕ್ಷೆಯನ್ನೂ ಸೇರಿಸಿ ಬರೆಯಬೇಕಾಗುತ್ತದೆ.

ಎಕ್ಸೆಕ್ ಅನ್ನುವ ಒಂದು ಪದ

ಮೇಲಿನ ಸಾಲಿನಲ್ಲಿ ಬೇಕಂತಲೇ ಬರೀ ಸ್ಟಾರ್ಟ್‌ಎಕ್ಸ್ ಬರೆದೆ. ಪರೀಕ್ಷೆ ಮಾಡುವಾಗ ಅದೇ ಒಳ್ಳೆಯದು. ಏನಾದರೂ ಕೆಟ್ಟರೆ ಡೆಸ್ಕ್‌ಟಾಪ್ ಮುಚ್ಚಿ ಶೆಲ್‌ಗೆ ವಾಪಸ್ ಬರುತ್ತೀರಿ, ತಪ್ಪು ಸಂದೇಶ ಅಲ್ಲೇ ಕಣ್ಣೆದುರಿಗೆ ಇರುತ್ತದೆ. ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ, ರೀಬೂಟ್ ಮಾಡಿ, ಎಲ್ಲ ಸರಿ ಅನ್ನಿಸಿದ ಮೇಲೆ ನಡುವಿನ ಸಾಲನ್ನು ಹೀಗೆ ಬದಲಿಸಿ:

```
    ಎಕ್ಸೆಕ್ ಸ್ಟಾರ್ಟ್‌ಎಕ್ಸ್
```

ಎಕ್ಸೆಕ್ ಹಾಕಿದರೆ ಶೆಲ್ ತನ್ನ ಜಾಗವನ್ನೇ ಸ್ಟಾರ್ಟ್‌ಎಕ್ಸ್‌ಗೆ ಬಿಟ್ಟುಕೊಡುತ್ತದೆ, ಹಿಂದೆ ಕಾಯುತ್ತಾ ಕೂರುವುದಿಲ್ಲ. ಡೆಸ್ಕ್‌ಟಾಪ್‌ನಿಂದ ಲಾಗೌಟ್ ಆದರೆ ಸೀದಾ ಲಾಗಿನ್ ಸಾಲಿಗೆ ಬರುತ್ತೀರಿ. ಇದು ಬರೀ ಅನುಕೂಲದ ಮಾತಲ್ಲ, ಭದ್ರತೆಯ ಮಾತೂ ಹೌದು. ಎಕ್ಸೆಕ್ ಇಲ್ಲದೆ, ನೀವು ಪರದೆ ಲಾಕ್ ಮಾಡಿ ಕಾಫಿಗೆ ಹೋದಾಗ ಎಕ್ಸ್ ಸರ್ವರ್ ಯಾವುದೋ ಕಾರಣಕ್ಕೆ ಬಿದ್ದುಹೋದರೆ, ಲಾಕ್ ಪರದೆಯೂ ಅದರ ಜೊತೆಗೇ ಹೋಗುತ್ತದೆ, ಕೆಳಗೆ ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿರುವ ಶೆಲ್ ತೆರೆದೇ ಇರುತ್ತದೆ. ಆಫೀಸಿನಲ್ಲೋ ಹಾಸ್ಟೆಲಿನಲ್ಲೋ ಇಡುವ ಲ್ಯಾಪ್‌ಟಾಪ್ ಆದರೆ ಎಕ್ಸೆಕ್ ಇಲ್ಲದೆ ಬಿಡಲೇಬೇಡಿ.

ಕನ್ನಡ ಟೈಪಿಂಗ್ ನಿಂತುಹೋಗದಂತೆ ನೋಡಿಕೊಳ್ಳಿ

ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ, ನಮಗೆ ಮಾತ್ರ ದಿನವೂ ಬೇಕು. ಡಿಸ್‌ಪ್ಲೇ ಮ್ಯಾನೇಜರ್ ಮೂಲಕ ಬಂದಾಗ ಕನ್ನಡ ಟೈಪ್ ಮಾಡಿಸುವ ಐಬಸ್ ತಾನಾಗಿ ಎದ್ದಿರುತ್ತಿತ್ತು, ಕೀಲಿ ಒತ್ತಿದರೆ ಕನ್ನಡ ಬರುತ್ತಿತ್ತು. ಸ್ಟಾರ್ಟ್‌ಎಕ್ಸ್‌ಗೆ ಬಂದ ಮೇಲೆ ಕೆಲವರಿಗೆ ಅದು ನಿಂತುಹೋಗುತ್ತದೆ. ದೋಷ ಐಬಸ್‌ದಲ್ಲ, .ಎಕ್ಸ್‌ಇನಿಟ್‌ಆರ್‌ಸಿ ಫೈಲ್‌ದು.

ನೋಡಿ, ಸ್ಟಾರ್ಟ್‌ಎಕ್ಸ್ ಮೊದಲು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಹುಡುಕುತ್ತದೆ. ಸಿಕ್ಕರೆ ಅದನ್ನಷ್ಟೇ ಓಡಿಸುತ್ತದೆ. ಸಿಗದಿದ್ದರೆ ಸಿಸ್ಟಂನ ಫೈಲ್ ಓಡುತ್ತದೆ, ಡೆಬಿಯನ್‌ನಲ್ಲಿ ಅದು /ಇಟಿಸಿ/ಎಕ್ಸ್11/ಎಕ್ಸ್‌ಸೆಷನ್ ಅನ್ನು ಕರೆಯುತ್ತದೆ (ಇಲ್ಲಿ ಎರಡೂ ಹೆಸರಿನ ಮೊದಲ ಎಕ್ಸ್ ದೊಡ್ಡಕ್ಷರ). ಇನ್‌ಪುಟ್ ಮೆಥಡ್ ಎಬ್ಬಿಸುವ ಐಎಂ-ಕಾನ್ಫಿಗ್ ಸ್ಕ್ರಿಪ್ಟ್ ಓಡುವುದು ಆ ಎಕ್ಸ್‌ಸೆಷನ್ ದಾರಿಯಲ್ಲೇ. ನೀವು ಸ್ವಂತ .ಎಕ್ಸ್‌ಇನಿಟ್‌ಆರ್‌ಸಿ ಬರೆದು ಅದರಲ್ಲಿ ಡೆಸ್ಕ್‌ಟಾಪ್ ತೆರೆಯುವ ಒಂದೇ ಸಾಲು ಹಾಕಿದರೆ ಈ ದಾರಿ ಪೂರ್ತಿ ತಪ್ಪಿಹೋಗುತ್ತದೆ.

ಡೆಬಿಯನ್‌ನಲ್ಲಿ ನನ್ನ ಸಲಹೆ ಸರಳ: .ಎಕ್ಸ್‌ಇನಿಟ್‌ಆರ್‌ಸಿ ಮಾಡಲೇಬೇಡಿ. ಸ್ವಂತದ್ದೇನಾದರೂ ಬೇಕೇ ಬೇಕು ಅಂದರೆ .ಎಕ್ಸ್‌ಸೆಷನ್ ಅನ್ನುವ ಫೈಲ್ ಮಾಡಿ (ಇದು ಪೂರ್ತಿ ಸಣ್ಣಕ್ಷರ), ಕೊನೆಯ ಸಾಲಾಗಿ ಇದನ್ನು ಬರೆಯಿರಿ:

```
ಎಕ್ಸೆಕ್ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4
```

ಎಕ್ಸ್‌ಸೆಷನ್ ಸ್ಕ್ರಿಪ್ಟ್ ಈ ಫೈಲ್ ಅನ್ನು ಕಡೆಗೆ ಓಡಿಸುವುದರಿಂದ ಮುಂಚಿನ ಕೆಲಸ ಎಲ್ಲ ಮುಗಿದಿರುತ್ತದೆ. ಕನ್ನಡಕ್ಕೆ ಬೇಕಾದದ್ದು ಇನ್ನೂ ಹಾಕಿರದಿದ್ದರೆ:

```
ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್ ಐಬಸ್-ಎಂ17ಎನ್ ಐಎಂ-ಕಾನ್ಫಿಗ್ ಫಾಂಟ್ಸ್-ಕೆಎನ್‌ಡಿಎ
ಐಎಂ-ಕಾನ್ಫಿಗ್ -ಎನ್ ಐಬಸ್
```

ಲಾಗೌಟ್ ಆಗಿ ಬಂದು, ಐಬಸ್-ಸೆಟಪ್ ತೆರೆದು, ಕನ್ನಡ ಆರಿಸಿ, ನಿಮಗೆ ರೂಢಿ ಇರುವ ವಿನ್ಯಾಸ ಸೇರಿಸಿಕೊಳ್ಳಿ. ನುಡಿ ಕೀಲಿಮಣೆ ಕಲಿತವರಿಗೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಉಚ್ಚಾರದಲ್ಲಿ ಹೊಡೆಯುವವರಿಗೆ ಐಟ್ರಾನ್ಸ್.

ಆರ್ಚ್‌ನಲ್ಲಿ ಎಕ್ಸ್‌ಸೆಷನ್ ಏರ್ಪಾಡು ಇಲ್ಲ, ಅಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಬೇಕೇ ಬೇಕು. ಸೊನ್ನೆಯಿಂದ ಬರೆಯಬೇಡಿ. /ಇಟಿಸಿ/ಎಕ್ಸ್11/ಎಕ್ಸ್‌ಇನಿಟ್/ಎಕ್ಸ್‌ಇನಿಟ್‌ಆರ್‌ಸಿ ಫೈಲ್ ಅನ್ನು (ಎಕ್ಸ್11ರ ಎಕ್ಸ್ ಮಾತ್ರ ದೊಡ್ಡಕ್ಷರ) ಹೋಮ್ ಫೋಲ್ಡರ್‌ಗೆ .ಎಕ್ಸ್‌ಇನಿಟ್‌ಆರ್‌ಸಿ ಹೆಸರಿನಲ್ಲಿ ಕಾಪಿ ಮಾಡಿಕೊಂಡು, ಕೊನೆಯಲ್ಲಿ ಟಿಡಬ್ಲ್ಯೂಎಂ, ಎಕ್ಸ್‌ಟರ್ಮ್, ಎಕ್ಸ್‌ಕ್ಲಾಕ್ ಅಂತ ಇರುವ ಸಾಲುಗಳನ್ನು ಮಾತ್ರ ಅಳಿಸಿ, ಆ ಜಾಗದಲ್ಲಿ ಇದನ್ನು ಹಾಕಿ:

```
ಎಕ್ಸ್‌ಪೋರ್ಟ್ ಜಿಟಿಕೆ_ಐಎಂ_ಮಾಡ್ಯೂಲ್=ಐಬಸ್
ಎಕ್ಸ್‌ಪೋರ್ಟ್ ಕ್ಯೂಟಿ_ಐಎಂ_ಮಾಡ್ಯೂಲ್=ಐಬಸ್
ಎಕ್ಸ್‌ಪೋರ್ಟ್ ಎಕ್ಸ್‌ಮಾಡಿಫೈಯರ್ಸ್=@ಐಎಂ=ಐಬಸ್
ಐಬಸ್-ಡೀಮನ್ -ಡಿಆರ್‌ಎಕ್ಸ್
ಎಕ್ಸೆಕ್ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4
```

ಸಮ ಚಿಹ್ನೆಯ ಬಲಕ್ಕೆ ಇರುವುದೆಲ್ಲ ಸಣ್ಣಕ್ಷರ. ಕಾಪಿ ಮಾಡಿದ ಫೈಲ್‌ನ ನಡುವೆ ಎಕ್ಸ್‌ಇನಿಟ್‌ಆರ್‌ಸಿ.ಡಿ ಫೋಲ್ಡರ್ ಓದುವ ಭಾಗ ಇರುತ್ತದೆ, ಅದನ್ನು ಮುಟ್ಟಬೇಡಿ. ಡಿಸ್‌ಪ್ಲೇ ಎಲ್ಲಿದೆ ಅನ್ನುವ ಮಾಹಿತಿಯನ್ನು ಸಿಸ್ಟಂಡಿ ಮತ್ತು ಡಿಬಸ್‌ಗೆ (ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸುವ ಏರ್ಪಾಡು) ತಲುಪಿಸುವುದು ಆ ಭಾಗವೇ. ಮೇಟ್ ಬಳಸುವವರು ಕೊನೆಯ ಸಾಲಿನಲ್ಲಿ ಮೇಟ್-ಸೆಷನ್, ಎಲ್‌ಎಕ್ಸ್‌ಕ್ಯೂಟಿಯವರು ಸ್ಟಾರ್ಟ್‌ಎಲ್‌ಎಕ್ಸ್‌ಕ್ಯೂಟಿ, ಐ3 ಬಳಸುವವರು ಬರೀ ಐ3 ಅಂತ ಹಾಕಿದರೆ ಆಯಿತು.

ಇನ್ನೊಂದು ವಿಷಯ: ಕಪ್ಪು ಕನ್ಸೋಲ್‌ನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ. ಅದರ ಫಾಂಟ್‌ಗೆ ಹೆಚ್ಚೆಂದರೆ 512 ಆಕಾರ, ಒತ್ತಕ್ಷರ ಜೋಡಿಸುವ ಸಾಮರ್ಥ್ಯವೂ ಅದಕ್ಕಿಲ್ಲ. ಹಾಗಾಗಿ ರಿಪೇರಿಗೆ ಬೇಕಾಗುವ ಫೈಲ್‌ಗಳ ಹೆಸರು, ಪಾಸ್‌ವರ್ಡ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ವೇಲ್ಯಾಂಡ್ ಬಳಸುವವರಿಗೆ

ವೇಲ್ಯಾಂಡ್ ಅಂದ್ರೆ ಎಕ್ಸ್ ಬದಲು ಬಂದ ಹೊಸ ಏರ್ಪಾಡು. ಅದರ ಮೇಲೆ ಓಡುವ ಸ್ವೇ ಥರದವಕ್ಕೆ ಸ್ಟಾರ್ಟ್‌ಎಕ್ಸ್ ಬೇಡವೇ ಬೇಡ. ಅದೇ ಮೂರು ಸಾಲಿನಲ್ಲಿ ಡಿಸ್‌ಪ್ಲೇ ಬದಲು ವೇಲ್ಯಾಂಡ್_ಡಿಸ್‌ಪ್ಲೇ, ಸ್ಟಾರ್ಟ್‌ಎಕ್ಸ್ ಬದಲು ಸ್ವೇ ಅಂತ ಬರೆದರೆ ಮುಗಿಯಿತು. ಕೆಡಿಇ ಪ್ಲಾಸ್ಮಾ ಆದರೆ ಸ್ಟಾರ್ಟ್‌ಪ್ಲಾಸ್ಮಾ-ವೇಲ್ಯಾಂಡ್. ಗ್ನೋಮ್ ಬಳಸುವವರಿಗೆ ನಾನು ಈ ದಾರಿ ಹೇಳುವುದಿಲ್ಲ. ಅದರ ಲಾಕ್ ಪರದೆ ಜಿಡಿಎಂ ಇದೆ ಅಂತಲೇ ನಂಬಿ ನಡೆಯುತ್ತದೆ, 2025ರಲ್ಲಿ ಬಂದ ಗ್ನೋಮ್ 49ರಿಂದ ಎಕ್ಸ್11 ಸೆಷನ್ ಮೊದಲಿನಿಂದಲೇ ಆಫ್ ಆಗಿಯೂ ಬರುತ್ತದೆ. ಗ್ನೋಮ್ ಬೇಕಾದರೆ ಜಿಡಿಎಂ ಇಟ್ಟುಕೊಳ್ಳಿ.

ಪಾಸ್‌ವರ್ಡೂ ಕೇಳದೆ ತೆರೆಯಬೇಕಾ?

ಮಾಡಬಹುದು, ಆದರೆ ಆನ್ ಮಾಡಿದವರೆಲ್ಲ ಒಳಗೆ ಬರುತ್ತಾರೆ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದ್ದು, ಬೂಟ್ ಆಗುವಾಗಲೇ ಒಂದು ಪಾಸ್‌ವರ್ಡ್ ಕೊಡುತ್ತಿದ್ದರೆ ಪರವಾಗಿಲ್ಲ. ಉಳಿದವರಿಗೆ ಬೇಡ ಅಂತಲೇ ಹೇಳುತ್ತೇನೆ. ಮಾಡುವುದಾದರೆ "ಸುಡೊ ಸಿಸ್ಟಂಸಿಟಿಎಲ್ ಎಡಿಟ್ ಗೆಟ್ಟಿ@ಟಿಟಿವೈ1" ಹೊಡೆದು, ತೆರೆಯುವ ಫೈಲ್‌ನಲ್ಲಿ:

```
[ಸರ್ವಿಸ್]
ಎಕ್ಸೆಕ್‌ಸ್ಟಾರ್ಟ್=
ಎಕ್ಸೆಕ್‌ಸ್ಟಾರ್ಟ್=-/ಎಸ್‌ಬಿನ್/ಎಗೆಟ್ಟಿ --ಆಟೋಲಾಗಿನ್ ನಿಮ್ಮಹೆಸರು --ನೋಕ್ಲಿಯರ್ %ಐ $ಟರ್ಮ್
```

ಸರ್ವಿಸ್‌ನ ಮೊದಲ ಅಕ್ಷರ, ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಎಕ್ಸೆಕ್ ಮತ್ತು ಸ್ಟಾರ್ಟ್ ಎರಡರ ಮೊದಲ ಅಕ್ಷರ, ಶೇಕಡಾ ಪಕ್ಕದ ಐ ಇವು ದೊಡ್ಡಕ್ಷರ. ಖಾಲಿ ಬಿಟ್ಟ ಎಕ್ಸೆಕ್‌ಸ್ಟಾರ್ಟ್ ಸಾಲನ್ನು ಮರೆತು ಬಿಡಬೇಡಿ. ಹಳೇ ಆಜ್ಞೆಯನ್ನು ಅಳಿಸುವುದು ಅದೇ. ಅದಿಲ್ಲದಿದ್ದರೆ ಎರಡು ಆಜ್ಞೆ ಆಗಿ ಸಿಸ್ಟಂಡಿ ಒಪ್ಪುವುದಿಲ್ಲ.

ತೆರೆಯದಿದ್ದರೆ

ಎಂಟರ್ ಒತ್ತಿದ ಕೂಡಲೇ ಪರದೆ ಒಮ್ಮೆ ಮಿನುಗಿ ಮತ್ತೆ ಲಾಗಿನ್ ಸಾಲಿಗೇ ಬರುತ್ತಿದೆ ಅಂದ್ಕೊಳ್ಳಿ. ಗಾಬರಿ ಬೇಡ, ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಎರಡನೇ ಕನ್ಸೋಲ್‌ಗೆ ಹೋಗಿ. ಮೊದಲು "ಡಿಎಫ್ -ಎಚ್" ಹೊಡೆದು ಡಿಸ್ಕ್ ತುಂಬಿದೆಯಾ ನೋಡಿ. ಜಾಗ ಇಲ್ಲದಿದ್ದರೆ ಎಕ್ಸ್‌ಗೆ ತನ್ನ ಕೀಲಿ ಫೈಲ್ ಬರೆಯಲು ಆಗುವುದಿಲ್ಲ, ಕನ್ಸೋಲ್ ಲಾಗಿನ್ ಮಾತ್ರ ಚೆನ್ನಾಗೇ ಆಗುತ್ತಿರುತ್ತದೆ. ಆ ಕೀಲಿ ಫೈಲ್ ನಿಮ್ಮ ಹೆಸರಲ್ಲೇ ಇದೆಯಾ ಅಂತಲೂ ನೋಡಿ (ಇದರ ಎಕ್ಸ್ ದೊಡ್ಡಕ್ಷರ):

```
ಎಲ್‌ಎಸ್ -ಎಲ್ ~/.ಎಕ್ಸ್‌ಅಥಾರಿಟಿ
```

ರೂಟ್ ಅಂತ ಕಂಡರೆ ಆ ಫೈಲ್ ಅಳಿಸಿ, ಮತ್ತೆ ತಾನಾಗಿ ಹುಟ್ಟುತ್ತದೆ. ಎರಡೂ ಸರಿ ಇದ್ದರೆ ಹೋಮ್ ಫೋಲ್ಡರ್‌ನ .ಲೋಕಲ್/ಶೇರ್/ಎಕ್ಸ್‌ಆರ್ಗ್ ಒಳಗಿನ ಲಾಗ್ ಫೈಲ್ ತೆರೆದು, ಆವರಣದೊಳಗೆ ಜೋಡಿ ಇಂಗ್ಲಿಷ್ ಇ ಇರುವ ಸಾಲುಗಳನ್ನು ಹುಡುಕಿ. ತಪ್ಪು ಅಂತ ಗುರುತು ಮಾಡಿದ ಸಾಲು ಅವು. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಡೆಸ್ಕ್‌ಟಾಪ್ ಬಂತು, ಆದರೆ ಬ್ರೌಸರ್ ತೆರೆದಾಗಲೆಲ್ಲ ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆ) ಪಾಸ್‌ವರ್ಡ್ ಕೇಳುತ್ತದೆ ಅನ್ನುವುದು ಇನ್ನೊಂದು ಸಾಮಾನ್ಯ ತೊಂದರೆ. ಮುಂಚೆ ಡಿಸ್‌ಪ್ಲೇ ಮ್ಯಾನೇಜರ್ ನಿಮ್ಮ ಲಾಗಿನ್ ಪಾಸ್‌ವರ್ಡ್‌ನಿಂದಲೇ ಗ್ನೋಮ್ ಕೀರಿಂಗ್ ಬೀಗ ತೆಗೆಸುತ್ತಿತ್ತು, ಕನ್ಸೋಲ್ ಲಾಗಿನ್‌ಗೆ ಅದನ್ನು ನಾವೇ ಹೇಳಿಕೊಡಬೇಕು. ಲಿಬ್‌ಪ್ಯಾಮ್-ಗ್ನೋಮ್-ಕೀರಿಂಗ್ ಪ್ಯಾಕೇಜ್ ಹಾಕಿ, /ಇಟಿಸಿ/ಪ್ಯಾಮ್.ಡಿ/ಲಾಗಿನ್ ಫೈಲ್‌ನ ಕೊನೆಯಲ್ಲಿ ಈ ಎರಡು ಸಾಲು ಸೇರಿಸಿ:

```
ಆಥ್ ಆಪ್ಷನಲ್ ಪ್ಯಾಮ್_ಗ್ನೋಮ್_ಕೀರಿಂಗ್.ಎಸ್‌ಒ
ಸೆಷನ್ ಆಪ್ಷನಲ್ ಪ್ಯಾಮ್_ಗ್ನೋಮ್_ಕೀರಿಂಗ್.ಎಸ್‌ಒ ಆಟೋ_ಸ್ಟಾರ್ಟ್
```

ಈ ಫೈಲ್‌ನಲ್ಲಿ ಒಂದಕ್ಷರ ತಪ್ಪಾದರೂ ಲಾಗಿನ್‌ಗೇ ಕುತ್ತು ಬರಬಹುದು. ಹಾಗಾಗಿ ತಿದ್ದುವ ಮುಂಚೆ ಎರಡನೇ ಕನ್ಸೋಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿ ಹಾಗೇ ಬಿಟ್ಟಿರಿ, ಮೂರನೇ ಕನ್ಸೋಲ್‌ನಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ, ಸರಿ ಇದ್ದರೆ ಮಾತ್ರ ರೂಟ್ ಶೆಲ್ ಮುಚ್ಚಿ.

ಇದೆಲ್ಲ ಬೇಡ, ಹಳೇ ಲಾಗಿನ್ ಪರದೆಯೇ ಇರಲಿ ಅನ್ನಿಸಿದರೆ .ಪ್ರೊಫೈಲ್‌ಗೆ ಸೇರಿಸಿದ ಸಾಲುಗಳನ್ನು ಅಳಿಸಿ, ಇದನ್ನು ಹೊಡೆದು ರೀಬೂಟ್ ಮಾಡಿ:

```
ಸುಡೊ ಸಿಸ್ಟಂಸಿಟಿಎಲ್ ಸೆಟ್-ಡಿಫಾಲ್ಟ್ ಗ್ರಾಫಿಕಲ್.ಟಾರ್ಗೆಟ್
```